ವೇಸರ್ ನದಿಗುಂಟ ಒಬ್ಬರೇ ಸೈಕಲ್‌ನಲ್ಲಿ: ಕಾಲಿಗಿಂತ ಗಡಿಯಾರ ನೋಡಿಕೊಳ್ಳಿ

ಪ್ರಶ್ನೆ: ನಾನು ಧಾರವಾಡದವಳು. ಎರಡು ವರ್ಷದಿಂದ ಜರ್ಮನಿಯ ಹ್ಯಾನೋವರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಫೀಸಿಗೆ ಹೋಗಿಬರುವುದು ಸೈಕಲ್‌ನಲ್ಲೇ. ದಿನಕ್ಕೆ ಹೆಚ್ಚೆಂದರೆ 12 ಕಿಲೋಮೀಟರ್. ಜೂನ್‌ನಲ್ಲಿ 10 ದಿನ ರಜೆ ಸಿಕ್ಕಿದೆ. ಜೊತೆಗೆ ಬರುತ್ತೇನೆ ಎಂದಿದ್ದ ಗೆಳತಿ ಕೈಕೊಟ್ಟಳು. ಹಾಗಾಗಿ ಒಬ್ಬಳೇ ಹಳ್ಳಿಗಾಡಿನಲ್ಲಿ ದೂರದ ಸೈಕಲ್ ಪ್ರವಾಸ ಹೋಗಬೇಕೆಂದಿದ್ದೇನೆ. ಯಾವ ದಾರಿ ಹಿಡಿಯಲಿ? ದಿನಕ್ಕೆ ಎಷ್ಟು ದೂರ ತುಳಿಯಬಹುದು? ರಾತ್ರಿ ಎಲ್ಲಿ ಉಳಿಯಲಿ? ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಪಂಕ್ಚರ್ ಹಾಕಲು ಬರುವುದಿಲ್ಲ. ಹೆಣ್ಣುಮಗಳು ಒಬ್ಬಳೇ ಅಂತ ಊರಲ್ಲಿ ಅಮ್ಮನಿಗೆ ಭಯ.

ಉತ್ತರ: ಗೆಳತಿ ಕೈಕೊಟ್ಟದ್ದನ್ನು ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಇಬ್ಬರು ಸೈಕಲ್ ಹತ್ತಿದರೆ ಒಬ್ಬರಿಗೆ ಹಸಿವಾದಾಗ ಇನ್ನೊಬ್ಬರಿಗೆ ಆಗಿರುವುದಿಲ್ಲ. ಒಬ್ಬರಿಗೆ ಕೋಟೆ ನೋಡಬೇಕು, ಇನ್ನೊಬ್ಬರಿಗೆ ಐಸ್‌ಕ್ರೀಮ್ ತಿನ್ನಬೇಕು. ನಾನು ಸುಮಾರು ಹದಿನೈದು ವರ್ಷದಿಂದ ಜರ್ಮನಿಯ ನದಿ ದಾರಿಗಳಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ಹೆಚ್ಚು ಸಲ ಒಬ್ಬನೇ. ನಿಮ್ಮ ಪತ್ರ ಓದಿದ ಮೇಲೆ ನನಗೆ ನಿಮ್ಮ ಕಾಲಿನ ಚಿಂತೆ ಇಲ್ಲ. ದಿನಾ ಸೈಕಲ್ ತುಳಿಯುವವರಿಗೆ 50 ಕಿಲೋಮೀಟರ್ ದೊಡ್ಡದಲ್ಲ. ಚಿಂತೆ ಇರುವುದು ಗಡಿಯಾರದ್ದು.

ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಪ್ರವಾಸ. ಒಂದು ಭಾನುವಾರ ಸಂಜೆ ಎಂಟೂವರೆಗೆ ಪುಟ್ಟ ಹಳ್ಳಿಯೊಂದನ್ನು ತಲುಪಿದೆ. ಬಿಸಿಲು ಇನ್ನೂ ಚೆನ್ನಾಗಿತ್ತು. ಅವತ್ತು 90 ಕಿಲೋಮೀಟರ್ ತುಳಿದಿದ್ದೆ, ಅದರ ಜಂಬ ಬೇರೆ. ಉಳಿಯಬೇಕಿದ್ದ ಮನೆಯಲ್ಲಿ ಕೋಣೆ ಸಿಕ್ಕಿತು, ಊಟ ಇಲ್ಲ ಅಂದರು. ಊರಿನ ಒಂದೇ ಹೋಟೆಲಿನ ಅಡುಗೆಮನೆ ಎಂಟಕ್ಕೇ ಮುಚ್ಚಿತ್ತು. ಅಂಗಡಿಯಂತೂ ಭಾನುವಾರ ಇಲ್ಲವೇ ಇಲ್ಲ. ಬ್ಯಾಗಿನಲ್ಲಿ ಇದ್ದದ್ದು ಅರ್ಧ ಪ್ಯಾಕೆಟ್ ಬಿಸ್ಕತ್ತು, ಒಂದು ಬಾಳೆಹಣ್ಣು. ಅಷ್ಟು ತಿಂದು, ನೀರು ಕುಡಿದು, ಹಗಲು ಬೆಳಕಲ್ಲೇ ಮಲಗಿದೆ. ಆಮೇಲಿನ ವರ್ಷಗಳಲ್ಲಿ ಪೇಚಿಗೆ ಸಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಹೀಗೆಯೇ. ಕಾಲು ಸೋತು ಅಲ್ಲ, ಹೊತ್ತು ತಪ್ಪಿ.

ದಾರಿಯ ವಿಷಯಕ್ಕೆ ಬರೋಣ. ಹ್ಯಾನೋವರ್‌ನಲ್ಲಿ ಇದ್ದುಕೊಂಡು ನೀವು ದೂರ ಹುಡುಕಬೇಕಿಲ್ಲ. ವೇಸರ್ ನದಿ ದಾರಿ ಹಿಡಿಯಿರಿ. ಹಾನ್ ಮ್ಯುಂಡೆನ್‌ನಿಂದ ಉತ್ತರ ಸಮುದ್ರದ ಕುಕ್ಸ್‌ಹಾಫೆನ್‌ವರೆಗೆ ಸುಮಾರು 500 ಕಿಲೋಮೀಟರ್. ಪ್ರಾದೇಶಿಕ ರೈಲಿನಲ್ಲಿ ಗ್ಯೊಟಿಂಗೆನ್‌ಗೆ ಹೋಗಿ, ಅಲ್ಲಿ ಗಾಡಿ ಬದಲಿಸಿದರೆ ಹಾನ್ ಮ್ಯುಂಡೆನ್. ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಎಲ್ಲ ಪ್ರಾದೇಶಿಕ ರೈಲುಗಳಿಗೆ ನಡೆಯುವ ತಿಂಗಳ ಪಾಸ್, ಇರಬಹುದು. ಆದರೆ ಅದು ನಿಮಗೆ ಮಾತ್ರ, ಸೈಕಲ್‌ಗೆ ಅಲ್ಲ. ಸೈಕಲ್‌ಗೆ ಬೇರೆ ಟಿಕೆಟ್ ತೆಗೆಯಿರಿ. ಗಾಡಿ ತುಂಬಿದ್ದರೆ ಸೈಕಲ್ ಹತ್ತಿಸಲು ಬಿಡದೇ ಇರಬಹುದು. ಅದಕ್ಕೇ ಶನಿವಾರ ಬೆಳಗ್ಗೆ ಹೊರಡಬೇಡಿ, ವಾರದ ನಡುವೆ ಹೊರಡಿ. ಎಲ್ಬೆ, ಡಾನ್ಯೂಬ್, ಮೋಸೆಲ್ ದಾರಿಗಳೂ ಚೆನ್ನಾಗಿವೆ. ಆಲ್ಟ್‌ಮ್ಯೂಲ್ ಕಣಿವೆಯಂತೂ ಮೊದಲ ಸಲದವರಿಗೆ ಹೇಳಿ ಮಾಡಿಸಿದ್ದು. ಆದರೆ ವೇಸರ್‌ನಲ್ಲಿ ಮನಸ್ಸು ಬದಲಾದರೆ ಅರ್ಧ ದಿನದಲ್ಲಿ ನಿಮ್ಮ ಮನೆಯಲ್ಲಿರುತ್ತೀರಿ. ಒಬ್ಬರೇ ಹೊರಟವರಿಗೆ ಈ ಅನುಕೂಲ ಸಣ್ಣದಲ್ಲ.

ವೇಸರ್ ಹುಟ್ಟುವ ಬಗೆ ನಮಗೆ ಹೊಸದಲ್ಲ. ವೆರಾ, ಫುಲ್ಡಾ ಎಂಬ ಎರಡು ನದಿಗಳು ಹಾನ್ ಮ್ಯುಂಡೆನ್‌ನಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ವೇಸರ್. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗುತ್ತಾಳಲ್ಲ, ಹಾಗೆ. ಸೇರುವ ಜಾಗದಲ್ಲಿ ಪದ್ಯ ಕೆತ್ತಿದ ಒಂದು ಕಲ್ಲಿದೆ. ಸೈಕಲ್ ಒರಗಿಸಿ ಫೋಟೊ ತೆಗೆಯದೆ ಯಾರೂ ಹೊರಡುವುದಿಲ್ಲ.

ನದಿ ಹರಿಯುವ ದಿಕ್ಕಿಗೆ ಹೋದರೆ ಇಳಿಜಾರು ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ವೇಸರ್ ಶುರುವಾಗುವ ಜಾಗ ಸಮುದ್ರಮಟ್ಟದಿಂದ ಸುಮಾರು 115 ಮೀಟರ್ ಎತ್ತರದಲ್ಲಿದೆ. ಅಷ್ಟು ಇಳಿಜಾರನ್ನು 500 ಕಿಲೋಮೀಟರ್‌ಗೆ ಹಂಚಿದರೆ ಕಿಲೋಮೀಟರ್‌ಗೆ ಒಂದು ಗೇಣು. ಸೈಕಲ್‌ಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಗಾಳಿ. ಉತ್ತರ ಜರ್ಮನಿಯಲ್ಲಿ ಗಾಳಿ ಜಾಸ್ತಿ ಬೀಸುವುದು ಪಡುವಣ ಕಡೆಯಿಂದ. ಪೋರ್ಟಾ ವೆಸ್ಟ್‌ಫಾಲಿಕಾ ಎಂಬ ಕಣಿವೆಯ ಬಾಗಿಲು ದಾಟುವವರೆಗೆ ಗುಡ್ಡಗಳು ನಿಮ್ಮನ್ನು ಕಾಯುತ್ತವೆ. ಅಲ್ಲಿಂದ ಆಚೆ ಬಯಲು. ಎದುರು ಗಾಳಿ ಹೊಡೆದ ದಿನ ಗಂಟೆಗೆ 16 ಕಿಲೋಮೀಟರ್ ಹೋಗುತ್ತಿದ್ದವರು 10ಕ್ಕೆ ಇಳಿಯುತ್ತೀರಿ. ಜೊತೆಗೆ ಜನ ಇದ್ದರೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ಅವಿತು ತುಳಿಯಬಹುದು. ಒಬ್ಬರೇ ಆದರೆ ಆ ಸುಖ ಇಲ್ಲ. ಹಾಗಾಗಿ ಬಯಲಿನ ದಿನಗಳಿಗೆ ದೂರ ಕಡಿಮೆ ಇಟ್ಟುಕೊಳ್ಳಿ.

ನಾನಾಗಿದ್ದರೆ ಹೀಗೆ ಹೋಗುತ್ತಿದ್ದೆ. ಮೊದಲ ದಿನ ಮಧ್ಯಾಹ್ನ ಹಾನ್ ಮ್ಯುಂಡೆನ್ ಬಿಟ್ಟು 45 ಕಿಲೋಮೀಟರ್ ದೂರದ ಬಾಡ್ ಕಾರ್ಲ್ಸ್‌ಹಾಫೆನ್. ಫ್ರಾನ್ಸ್‌ನಿಂದ ಓಡಿಬಂದ ಪ್ರಾಟೆಸ್ಟಂಟರಿಗಾಗಿ 1699ರಲ್ಲಿ ಅಳತೆ ಹಾಕಿ ಕಟ್ಟಿದ ಬಿಳಿ ಊರು ಅದು. ಎರಡನೆಯ ದಿನ ಹ್ಯೊಕ್ಸ್ಟರ್ ಮೇಲೆ ಹೋಲ್ಸ್‌ಮಿಂಡೆನ್, 40ಕ್ಕೂ ಕಡಿಮೆ. ಬೇಕೆಂದೇ ಕಡಿಮೆ ಇಟ್ಟಿದ್ದೇನೆ. ದಾರಿಯಲ್ಲಿ ಕೋರ್‌ವೈ ಮಠ ಇದೆ. ಸಾವಿರ ವರ್ಷಕ್ಕೂ ಹಳೆಯದು, 2014ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಎರಡನೆಯ ದಿನ ಮೈಕೈ ನೋವು ಶುರುವಾಗುವುದರಿಂದ ನಿಧಾನವಾಗಿ ನೋಡಿಕೊಂಡು ಹೋಗಿ. ಮೂರನೆಯ ದಿನ 55 ಕಿಲೋಮೀಟರ್, ಹಾಮೆಲ್ನ್. ನಡುವೆ ಬೋಡೆನ್‌ವೆರ್ಡರ್. ಬುರುಡೆ ಬಿಡುವುದರಲ್ಲಿ ಜಗತ್ಪ್ರಸಿದ್ಧನಾದ ಬ್ಯಾರನ್ ಮ್ಯುಂಕ್‌ಹೌಸೆನ್ 1720ರಲ್ಲಿ ಹುಟ್ಟಿದ ಊರು. ಅರ್ಧ ಕುದುರೆಯ ಮೇಲೆ ಕೂತ ಅವನ ಪ್ರತಿಮೆಯ ಕಾರಂಜಿ ಅಲ್ಲಿದೆ. ಹಾಮೆಲ್ನ್ ಅಂದರೆ ನಾವು ಶಾಲೆಯಲ್ಲಿ ಓದಿದ ಕಿಂದರಿಜೋಗಿಯ ಊರು. ಕತೆಯ ಪ್ರಕಾರ 1284ರಲ್ಲಿ 130 ಮಕ್ಕಳು ಅವನ ಹಿಂದೆ ಹೋದರು. ಊರವರು ಇವತ್ತಿಗೂ ಬಿಸ್ಕತ್ತಿನಿಂದ ಹಿಡಿದು ಫುಟ್‌ಪಾತ್ ಕಲ್ಲಿನವರೆಗೆ ಇಲಿಯನ್ನು ಬಿಟ್ಟಿಲ್ಲ.

ನಾಲ್ಕನೆಯ ದಿನ ಮಿಂಡೆನ್, 70 ಕಿಲೋಮೀಟರ್. ಉದ್ದ ಅನ್ನಿಸಿದರೆ ರಿಂಟೆಲ್ನ್‌ನಲ್ಲಿ ಮುರಿದುಕೊಳ್ಳಿ. ಮಿಂಡೆನ್‌ನಲ್ಲಿ ಒಂದು ಅಚ್ಚರಿ ಇದೆ. ಅಲ್ಲಿ ಕಾಲುವೆಯೊಂದು ನದಿಯ ಮೇಲೆ ಸೇತುವೆ ಹತ್ತಿ ದಾಟುತ್ತದೆ. ಕೆಳಗೆ ವೇಸರ್, ಅದಕ್ಕಿಂತ ಸುಮಾರು 13 ಮೀಟರ್ ಮೇಲೆ ಕಾಲುವೆಯ ನೀರು, ನೀರಿನ ಮೇಲೆ ಸರಕಿನ ದೋಣಿ. ನಾನು ಅಲ್ಲಿ ಒಂದು ಗಂಟೆ ಸುಮ್ನೆ ನಿಂತಿದ್ದೇನೆ. ಐದನೆಯ ದಿನ ನೀನ್‌ಬುರ್ಗ್, ಆರನೆಯ ದಿನ ಫೆರ್ಡೆನ್, ಏಳನೆಯ ದಿನ ಬ್ರೆಮೆನ್. ಎಂಟನೆಯ ದಿನ ಬ್ರೆಮೆನ್‌ನಲ್ಲಿ ಪೂರ್ತಿ ರಜೆ. ಆಮೇಲೆ ಬ್ರೆಮರ್‌ಹಾಫೆನ್, ಕುಕ್ಸ್‌ಹಾಫೆನ್. ಬ್ರೆಮರ್‌ಹಾಫೆನ್‌ನಲ್ಲಿ ವಲಸೆ ಹೋದವರ ಮ್ಯೂಸಿಯಂ ಇದೆ. ಈ ಬಂದರಿನಿಂದ 70 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು. ನಮ್ಮಂಥವರು ನೋಡಲೇಬೇಕು.

ಎದುರು ಗಾಳಿ ಜಾಸ್ತಿ ಇದ್ದರೆ ಬ್ರೆಮೆನ್‌ನಲ್ಲೇ ಮುಗಿಸಿ. ನಾಚಿಕೆ ಬೇಡ. ಗ್ರಿಮ್ ಸೋದರರ ಕತೆಯ ಆ ಕತ್ತೆ, ನಾಯಿ, ಬೆಕ್ಕು, ಹುಂಜ ಬ್ರೆಮೆನ್‌ಗೆ ಅಂತ ಹೊರಟವು, ದಾರಿಯಲ್ಲೇ ಒಳ್ಳೆಯ ಮನೆ ಸಿಕ್ಕಿ ಅಲ್ಲೇ ಉಳಿದವು. ಊರು ತಲುಪಲೇ ಇಲ್ಲ. ಆದರೂ ಪುರಭವನದ ಪಕ್ಕ ಅವುಗಳ ಪ್ರತಿಮೆ ನಿಲ್ಲಿಸಿದ್ದಾರೆ.

ದಾರಿಯಲ್ಲಿ ತಪ್ಪದೆ ಮಾಡಬೇಕಾದ ಒಂದು ಕೆಲಸ, ಹಗ್ಗದ ದೋಣಿ ಹತ್ತುವುದು. ಹಾನ್ ಮ್ಯುಂಡೆನ್ ಬಿಟ್ಟು ಸ್ವಲ್ಪ ದೂರಕ್ಕೆ ಹೇಮೆಲ್ನ್ ಮತ್ತು ಫೆಕರ್‌ಹಾಗೆನ್ ನಡುವೆ ಒಂದಿದೆ. ಮುಂದೆ ಪೊಲ್ಲೆ, ಗ್ರೋಂಡೆ ಹಳ್ಳಿಗಳಲ್ಲೂ ಇವೆ. ನದಿಗೆ ಅಡ್ಡ ಉಕ್ಕಿನ ಹಗ್ಗ ಕಟ್ಟಿರುತ್ತಾರೆ. ಅದಕ್ಕೆ ದೋಣಿಯನ್ನು ಬಿಗಿದು, ದೋಣಿಯನ್ನು ಹರಿವಿಗೆ ಸ್ವಲ್ಪ ಓರೆ ಮಾಡುತ್ತಾರೆ. ನೀರೇ ತಳ್ಳಿ ಆಚೆ ದಡಕ್ಕೆ ಮುಟ್ಟಿಸುತ್ತದೆ. ಇಂಜಿನ್ ಇಲ್ಲ, ಸದ್ದಿಲ್ಲ. ಕಾರು ಕೂಡ ಹತ್ತುತ್ತದೆ. ಚಿಲ್ಲರೆ ಯೂರೊ ಇಟ್ಟುಕೊಳ್ಳಿ. ಹೊಳೆ ತುಂಬಿದರೂ ನಿಲ್ಲಿಸುತ್ತಾರೆ, ತೀರಾ ಬತ್ತಿದರೂ ನಿಲ್ಲಿಸುತ್ತಾರೆ.

ಈಗ ಗಡಿಯಾರ. ಜೂನ್ ನಡುವಿನಲ್ಲಿ ಹ್ಯಾನೋವರ್ ಕಡೆ ರಾತ್ರಿ ಒಂಬತ್ತೂವರೆ ಆದರೂ ಸೂರ್ಯ ಮುಳುಗುವುದಿಲ್ಲ, ನೀವೇ ನೋಡಿದ್ದೀರಿ. ಈ ಬೆಳಕನ್ನು ನಂಬಬೇಡಿ. ಹಳ್ಳಿ ಬೆಳಕಿನ ಪ್ರಕಾರ ನಡೆಯುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಎಷ್ಟೋ ಹೋಟೆಲುಗಳ ಅಡುಗೆಮನೆ ಮುಚ್ಚುತ್ತದೆ. ಮತ್ತೆ ತೆರೆಯುವುದು ಐದೂವರೆ, ಆರಕ್ಕೆ. ರಾತ್ರಿ ಎಂಟು, ಎಂಟೂವರೆಗೆ ಕೊನೆಯ ಆರ್ಡರ್. ವಾರದಲ್ಲಿ ಒಂದು ದಿನ, ಕೆಲವು ಕಡೆ ಎರಡು ದಿನ, ರುಹೆಟಾಗ್ ಅಂದರೆ ವಾರದ ರಜೆ. ಅದು ಸೋಮವಾರ, ಮಂಗಳವಾರ ಜಾಸ್ತಿ. ಹಾಗಾಗಿ ಬೆಳಗ್ಗೆ ಎಂಟೂವರೆಗೆ ಹೊರಡಿ. ಮಧ್ಯಾಹ್ನ ಒಂದರೊಳಗೆ ದಿನದ ಮುಕ್ಕಾಲು ದೂರ ಮುಗಿಸಿ. ನಾಲ್ಕು, ಐದರೊಳಗೆ ಉಳಿಯುವ ಜಾಗ ತಲುಪಿ. ಆಮೇಲೆ ಸ್ನಾನ, ಬಟ್ಟೆ ಒಗೆಯುವುದು, ಊರು ಸುತ್ತುವುದು, ಆರೂವರೆಗೆ ಊಟ. ಒಂಬತ್ತೂವರೆವರೆಗಿನ ಬೆಳಕು ಪಂಕ್ಚರ್‌ಗೆ, ದಾರಿ ತಪ್ಪುವುದಕ್ಕೆ, ಗುಡುಗು ಮಳೆಗೆ ಅಂತ ಮೀಸಲು.

ಭಾನುವಾರ ಅಂಗಡಿ ಇಲ್ಲ ಅಂತ ನಿಮಗೆ ಗೊತ್ತು. ನಗರದಲ್ಲಾದರೆ ರೈಲು ನಿಲ್ದಾಣದ ಅಂಗಡಿ ಇರುತ್ತದೆ. ಹಳ್ಳಿಯಲ್ಲಿ ಬೆಳಗ್ಗೆ ಕೆಲವು ಗಂಟೆ ಬೇಕರಿ ತೆರೆದರೆ ಅದೇ ಪುಣ್ಯ. ಶನಿವಾರ ಸಂಜೆಯೇ ಒಂದೂವರೆ ದಿನಕ್ಕೆ ಸಾಕಾಗುವಷ್ಟು ಕೊಂಡುಕೊಳ್ಳಿ. ಇನ್ನೊಂದು ಸೂಕ್ಷ್ಮ ಇದೆ. ವೇಸರ್ ದಾರಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ಬಂದು ಮಾಡುತ್ತದೆ. ಹೆಸ್ಸೆನ್, ನಾರ್ಥ್ ರೈನ್ ವೆಸ್ಟ್‌ಫಾಲಿಯಾ, ನಿಮ್ಮ ಲೋವರ್ ಸ್ಯಾಕ್ಸನಿ, ಆಮೇಲೆ ಬ್ರೆಮೆನ್. ಹಬ್ಬದ ರಜೆ ರಾಜ್ಯಕ್ಕೊಂದು ಥರ. ಈಸ್ಟರ್ ಆಗಿ 60 ದಿನಕ್ಕೆ ಬರುವ ಫ್ರೋನ್‌ಲೈಷ್‌ನಾಮ್ ಗುರುವಾರ ನಿಮ್ಮ ಹ್ಯಾನೋವರ್‌ನಲ್ಲಿ ರಜೆ ಅಲ್ಲ. ನಿಮ್ಮ ಆಫೀಸಿನ ಕ್ಯಾಲೆಂಡರ್‌ನಲ್ಲಿ ಅದು ಕೆಂಪಾಗಿ ಕಾಣುವುದೇ ಇಲ್ಲ. ಆದರೆ ಹ್ಯೊಕ್ಸ್ಟರ್‌ನಲ್ಲಿ, ಮಿಂಡೆನ್‌ನಲ್ಲಿ, ಬಾಡ್ ಕಾರ್ಲ್ಸ್‌ಹಾಫೆನ್‌ನಲ್ಲಿ ಅವತ್ತು ಎಲ್ಲ ಬಂದ್. ಆ ದಿನ ಹ್ಯೊಕ್ಸ್ಟರ್‌ನಿಂದ ಹತ್ತು ಕಿಲೋಮೀಟರ್ ಮುಂದೆ, ಲೋವರ್ ಸ್ಯಾಕ್ಸನಿಯ ಹೋಲ್ಸ್‌ಮಿಂಡೆನ್ ತಲುಪಿದರೆ ಅಂಗಡಿ ತೆರೆದಿರುತ್ತದೆ. ಜೂನ್‌ನಲ್ಲಿ ಹೊರಡುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಉಳಿಯುವುದಕ್ಕೆ ಟೆಂಟ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಟೆಂಟು, ಹಾಸಿಗೆ, ಸ್ಟವ್ ಅಂತ ಆರೇಳು ಕಿಲೋ ಜಾಸ್ತಿ ಆಗುತ್ತದೆ. ಒಬ್ಬರೇ ಹೋದಾಗ ಅದನ್ನು ಹಂಚಿಕೊಳ್ಳುವವರು ಇಲ್ಲ. ಹೋಗಲೇಬೇಕು ಅಂದರೆ ವೇಸರ್ ದಂಡೆಯಲ್ಲಿ ಕ್ಯಾಂಪಿಂಗ್ ಜಾಗಗಳಿಗೆ ಬರವಿಲ್ಲ. ಕಾಡಿನಲ್ಲಿ ಸಿಕ್ಕಸಿಕ್ಕಲ್ಲಿ ಟೆಂಟ್ ಹೊಡೆಯುವುದು ಮಾತ್ರ ಕಾನೂನಿಗೆ ವಿರುದ್ಧ. ಕೋಣೆ ಹುಡುಕುವವರಿಗೆ ಬೆಟ್ ಉಂಟ್ ಬೈಕ್ ಎಂಬ ಗುರುತು ನೆನಪಿರಲಿ. ಇದು ಎಡಿಎಫ್‌ಸಿ ಎಂಬ ಜರ್ಮನ್ ಸೈಕಲ್ ಸವಾರರ ಸಂಘದ್ದು. ಸಂಘ ಹುಟ್ಟಿದ್ದು 1979ರಲ್ಲಿ, ನೀವು ಹೋಗುವ ಬ್ರೆಮೆನ್‌ನಲ್ಲೇ. ಈ ಗುರುತು ಇರುವ ಮನೆಯವರು ಒಂದೇ ರಾತ್ರಿಗೂ ಕೋಣೆ ಕೊಡಬೇಕು. ಸೈಕಲ್ ಇಡಲು ಬೀಗದ ಜಾಗ ಇರಬೇಕು, ಒದ್ದೆ ಬಟ್ಟೆ ಒಣಗಿಸಲು ಅನುಕೂಲ ಇರಬೇಕು. ಒಂದೇ ರಾತ್ರಿ ಅಂದರೆ ಬೇರೆಯವರು ಮೂಗು ಮುರಿಯುತ್ತಾರೆ, ಅದಕ್ಕೇ ಇದು ಮುಖ್ಯ. ಕಡಿಮೆ ಖರ್ಚಿಗೆ ಯೂತ್ ಹಾಸ್ಟೆಲ್. ಈ ಹಾಸ್ಟೆಲ್‌ಗಳ ಕಲ್ಪನೆ ಮೂಡಿದ್ದೂ ಜರ್ಮನಿಯಲ್ಲೇ. 1909ರಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಮೇಷ್ಟ್ರು ಮಕ್ಕಳನ್ನು ನಡಿಗೆಯ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಗುಡುಗು ಮಳೆಗೆ ಸಿಕ್ಕಿಕೊಂಡರು. ರಾತ್ರಿ ಕಳೆದದ್ದು ಹಳ್ಳಿ ಶಾಲೆಯೊಂದರಲ್ಲಿ. ಎಲ್ಲ ಕಡೆ ಹೀಗೊಂದು ಸೂರು ಇದ್ದರೆ ಎಂಬ ಯೋಚನೆ ಅಲ್ಲಿ ಬಂತು.

ಮೊದಲ ಮೂರು ರಾತ್ರಿಗೆ ಮೊದಲೇ ಬುಕ್ ಮಾಡಿ. ಆಮೇಲಿನದನ್ನು ಎರಡು ದಿನ ಮುಂಚೆ ಫೋನ್ ಮಾಡಿ ಗೊತ್ತು ಮಾಡಿಕೊಳ್ಳಿ. ಪೂರ್ತಿ ಬುಕ್ ಮಾಡಿದರೆ ಮಳೆ ಬಂದರೂ ಓಡಬೇಕು. ಏನೂ ಮಾಡದಿದ್ದರೆ ಐದು ಗಂಟೆಗೆ ಎದೆ ಹೊಡೆದುಕೊಳ್ಳುತ್ತದೆ. ಫೋನಿನಲ್ಲಿ ಎರಡು ಮಾತು ಕೇಳಿ: ಎಷ್ಟು ಗಂಟೆಯೊಳಗೆ ಬರಬೇಕು, ರಾತ್ರಿ ಊಟ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ. ಆ ಎರಡನೆಯ ಪ್ರಶ್ನೆ ಕೇಳದೇ ನಾನು ಬಿಸ್ಕತ್ತು ತಿಂದದ್ದು.

ಊಟದ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಮೊಟ್ಟೆಯನ್ನೂ ತಿನ್ನದವರಿಗೆ ಸ್ವಲ್ಪ ಜಾಸ್ತಿಯೇ. ಚೀಸ್ ಹಾಕಿದ ಸ್ಪೆಟ್ಸ್‌ಲೆ ಎಂಬ ನೂಡಲ್ಸ್ ಸಸ್ಯಾಹಾರ ಅಂತ ಕೊಡುತ್ತಾರೆ, ಹಿಟ್ಟಿನಲ್ಲೇ ಮೊಟ್ಟೆ ಇರುತ್ತದೆ. ಆಲೂಗಡ್ಡೆಯ ದೋಸೆಯಂಥ ಕಾರ್ಟೋಫೆಲ್‌ಪುಫರ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಹುರಿದ ಆಲೂಗಡ್ಡೆ ಕೇಳಿದರೆ ಹಂದಿಯ ಸಣ್ಣ ಚೂರು ಬೆರೆಸಿ ತರುತ್ತಾರೆ. ಓನೆ ಸ್ಪೆಕ್, ಅಂದರೆ ಹಂದಿ ಚೂರು ಬೇಡ, ಅಂತ ಮೊದಲೇ ಹೇಳಿ. ನೀನ್‌ಬುರ್ಗ್ ಕಡೆ ಬಿಳಿ ಶತಾವರಿಗೆ (ಆಸ್ಪರಾಗಸ್ ತರಕಾರಿ) ಹೆಸರುವಾಸಿ. ಅದರ ಸುಗ್ಗಿ ಜೂನ್ 24ರವರೆಗೆ. ನೀವು ಹೋಗುವ ಹೊತ್ತಿಗೆ ಸಿಗುತ್ತದೆ. ಜೊತೆಗೆ ಕೊಡುವ ಹೊಲಾಂಡೈಸ್ ಸಾಸ್‌ನಲ್ಲಿ ಮೊಟ್ಟೆಯ ಹಳದಿ ಇದೆ. ಬದಲಿಗೆ ಕರಗಿಸಿದ ಬೆಣ್ಣೆ ಕೇಳಿ. ಬೇಯಿಸಿದ ಎಳೆ ಆಲೂಗಡ್ಡೆ, ಶತಾವರಿ, ಬೆಣ್ಣೆ. ಸಪ್ಪೆ ಅನ್ನಿಸಬಹುದು. ಹಸಿದು ಹೋದರೆ ಅಮೃತ.

ಸ್ವಲ್ಪ ದೊಡ್ಡ ಊರಾದರೆ ಡ್ಯೋನರ್ ಎಂಬ ತುರ್ಕಿ ಕಬಾಬಿನ ಅಂಗಡಿ ಇರುತ್ತದೆ, ಅಲ್ಲಿ ಕಡಲೆಯ ವಡೆಯಂಥ ಫಲಾಫೆಲ್ ಸಿಗುತ್ತದೆ. ಭಾನುವಾರವೂ ತೆರೆದಿರುವುದು ಹೆಚ್ಚಾಗಿ ಅವರೇ. ಜರ್ಮನ್ ಹಳ್ಳಿಗಾಡಿನಲ್ಲಿ ನನ್ನ ಹೊಟ್ಟೆ ಕಾಪಾಡಿದ ಪುಣ್ಯ ಜಾಸ್ತಿ ಪಾಲು ತುರ್ಕಿ ಅಂಗಡಿಯವರಿಗೆ ಸೇರಬೇಕು. ಮಧ್ಯಾಹ್ನಕ್ಕೆ ಬೇಕರಿಯ ಬ್ರ್ಯೋಟ್‌ಷೆನ್ ಎಂಬ ಸಣ್ಣ ಬನ್ ಎರಡು, ಚೀಸ್, ಸೌತೆಕಾಯಿ. ನಿಮ್ಮೂರಿನ ಶೇಂಗಾ ಚಟ್ನಿಪುಡಿ ಒಂದು ಸಣ್ಣ ಡಬ್ಬಿ ಇಟ್ಟುಕೊಂಡಿರಿ. ಬೆಣ್ಣೆ ಸವರಿ ಅದರ ಮೇಲೆ ಉದುರಿಸಿದರೆ ಬೇರೆ ಏನೂ ಬೇಡ. ರೈತರ ಮನೆ ಮುಂದೆ ಸ್ಟ್ರಾಬೆರಿ, ಚೆರ್ರಿ, ಜೇನು ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಕಾಯುವವರು ಇರುವುದಿಲ್ಲ. ಅಲ್ಲಿಗೂ ಚಿಲ್ಲರೆ ಬೇಕು.

ಸೈಕಲ್ ಹೊಸದು ಕೊಳ್ಳಬೇಡಿ. ಆಫೀಸಿಗೆ ಹೋಗುವ ಸೈಕಲ್‌ನಲ್ಲಿ ಏಳೆಂಟು ಗೇರ್, ಗಟ್ಟಿ ಕ್ಯಾರಿಯರ್, ಮಡ್‌ಗಾರ್ಡ್ ಇದ್ದರೆ ವೇಸರ್‌ಗೆ ಸಾಕು. ಟಯರ್ ಸವೆದಿದ್ದರೆ ಮಾತ್ರ ಬದಲಿಸಿ. ಪಂಕ್ಚರ್ ತಡೆಯುವ ದಪ್ಪ ಪದರ ಇರುವ, 40 ಮಿಲಿಮೀಟರ್ ಅಗಲದ ಟಯರ್ ಹಾಕಿಸಿ. ದಾರಿ ಹೆಚ್ಚಾಗಿ ಡಾಂಬರು. ನಡುನಡುವೆ ಸಣ್ಣ ಜಲ್ಲಿ, ಹೊಲದ ದಾರಿ. ಹೊರಡುವ ಎರಡು ವಾರ ಮುಂಚೆ ಅಂಗಡಿಯಲ್ಲಿ ಬ್ರೇಕ್ ರಬ್ಬರ್, ಚೈನು ನೋಡಿಸಿ. ಹಿಂದಿನ ದಿನ ಅಲ್ಲ. ಬೇಸಿಗೆಯಲ್ಲಿ ಅಲ್ಲಿನ ಸೈಕಲ್ ಅಂಗಡಿಗಳು ವಾರಗಟ್ಟಲೆ ಕಾಯಿಸುತ್ತವೆ. ಸಾಮಾನು 10 ಕಿಲೋ ದಾಟಬಾರದು. ಕ್ಯಾರಿಯರ್‌ನ ಎರಡೂ ಬದಿಗೆ ನೀರು ಹೋಗದ ಚೀಲ. ಬೆನ್ನಿಗೆ ಬ್ಯಾಗ್ ಮಾತ್ರ ಬೇಡವೇ ಬೇಡ. ಎರಡು ಜೊತೆ ಸೈಕಲ್ ಬಟ್ಟೆ, ಸಂಜೆಗೆ ಒಂದು ಜೊತೆ, ಮಳೆ ಅಂಗಿ. ಸ್ಪಂಜಿನ ಸೈಕಲ್ ಚಡ್ಡಿಯನ್ನು ಒಳಚಡ್ಡಿ ಇಲ್ಲದೆ ಹಾಕಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರನೆಯ ದಿನ ತೊಡೆ ಸಂದು ಉಜ್ಜಿ ಗಾಯವಾದ ಮೇಲೆ ಗೊತ್ತಾಗುತ್ತದೆ.

ರಜೆಗೆ ಮುಂಚೆ ಒಂದು ವಾರಾಂತ್ಯ ಇದೇ ಸಾಮಾನು ಹೇರಿಕೊಂಡು ಸ್ಟೈನ್‌ಹೂಡೆ ಕೆರೆಗೆ ಹೋಗಿಬನ್ನಿ. ನಿಮ್ಮ ಊರಿಂದ 30 ಕಿಲೋಮೀಟರ್ ಆಚೆ ಈಚೆ. ಒಂದು ರಾತ್ರಿ ಉಳಿದು ವಾಪಸ್. ಏನು ಜಾಸ್ತಿ ತುಂಬಿದ್ದೀರಿ, ಸೀಟು ಎಷ್ಟು ಮೇಲೆತ್ತಬೇಕು, ಎಲ್ಲ ಅಲ್ಲೇ ತಿಳಿಯುತ್ತದೆ.

ಪಂಕ್ಚರ್ ಬಗ್ಗೆ. ನಮ್ಮೂರಿನಲ್ಲಿ ಮರದ ಕೆಳಗೆ ಪಂಪು, ನೀರಿನ ಬೋಗುಣಿ ಇಟ್ಟುಕೊಂಡು ಕೂತವರು ಇರುತ್ತಿದ್ದರು. ನಾವು ಕಲಿಯಲೇ ಇಲ್ಲ. ಅಲ್ಲಿ ಅವರಿಲ್ಲ. ನೀವು ಪ್ಯಾಚ್ ಹಾಕುವುದನ್ನು ಕಲಿಯಬೇಕಿಲ್ಲ, ಟ್ಯೂಬ್ ಬದಲಿಸುವುದನ್ನು ಕಲಿಯಿರಿ. ಎರಡು ಹೊಸ ಟ್ಯೂಬ್, ಮೂರು ಪ್ಲಾಸ್ಟಿಕ್ ಟಯರ್ ಲಿವರ್, ಪಂಪು, ಚಕ್ರ ಬಿಚ್ಚುವ ಸ್ಪ್ಯಾನರ್. ಮನೆಯಲ್ಲಿ ಹಿಂದಿನ ಚಕ್ರವನ್ನು ಮೂರು ಸಲ ಬಿಚ್ಚಿ ಹಾಕಿ. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ, ಮೂರನೆಯ ಸಲ 20 ನಿಮಿಷ. ಹಿಂದಿನ ಚಕ್ರವೇ ಯಾಕೆ ಅಂದರೆ ಭಾರ ಇರುವುದು ಅಲ್ಲೇ, ತೂತಾಗುವುದೂ ಹೆಚ್ಚಾಗಿ ಅದೇ. ಹೊಸ ಟ್ಯೂಬ್ ಹಾಕುವ ಮುಂಚೆ ಟಯರ್ ಒಳಗೆ ಬೆರಳಾಡಿಸಿ ಮುಳ್ಳೋ ಗಾಜೋ ಇದೆಯಾ ನೋಡಿ. ಅದನ್ನು ತೆಗೆಯದೆ ಟ್ಯೂಬ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಇಳಿದವನು ನಾನು. ವಾಲ್ವ್ ಯಾವ ಥರದ್ದು ಅಂತ ನೋಡಿಕೊಂಡು ಟ್ಯೂಬ್ ಕೊಳ್ಳಿ. ಹಳೆಯ ಜರ್ಮನ್ ಸೈಕಲ್‌ಗಳಲ್ಲಿ ನಮ್ಮೂರ ಸೈಕಲ್‌ನಂಥದ್ದೇ ವಾಲ್ವ್ ಇರುವುದುಂಟು. ಕೆಲವು ಸೈಕಲ್ ಅಂಗಡಿಗಳ ಹೊರಗೆ ಟ್ಯೂಬ್ ಮಾರುವ ಯಂತ್ರ ಇರುತ್ತದೆ. ಕಾಸು ಹಾಕಿದರೆ ಟ್ಯೂಬ್ ಬೀಳುತ್ತದೆ. ಭಾನುವಾರವೂ ಕೆಲಸ ಮಾಡುವ ಇನ್ನೊಬ್ಬ ಪುಣ್ಯಾತ್ಮ.

ದಾರಿ ತಪ್ಪುವುದು ಕಷ್ಟ. ಲೋವರ್ ಸ್ಯಾಕ್ಸನಿಯಲ್ಲಿ ಸೈಕಲ್ ಫಲಕಗಳು ಬಿಳಿ ಮೇಲೆ ಹಸಿರು. ಹ್ಯೊಕ್ಸ್ಟರ್ ಹತ್ತಿರ ಬಣ್ಣ ಬದಲಾಗಿ ಬಿಳಿ ಮೇಲೆ ಕೆಂಪು ಆಗುತ್ತದೆ. ಗಾಬರಿ ಬೇಡ, ರಾಜ್ಯ ಬದಲಾಗಿದೆ ಅಷ್ಟೇ. ದೊಡ್ಡ ಫಲಕದ ಕೆಳಗೆ ನೇತುಹಾಕಿದ ಸಣ್ಣ ಚೌಕದಲ್ಲಿ ವೇಸರ್ ದಾರಿಯ ಗುರುತು ಇರುತ್ತದೆ. ಅದನ್ನೇ ಹಿಡಿದು ಹೋಗಿ. ಫೋನ್ ನಕ್ಷೆ ಜೊತೆಗಿರಲಿ, ಆದರೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಣಿವೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ತುಳಿಯುತ್ತಾ ಫೋನ್ ಕೈಯಲ್ಲಿ ಹಿಡಿದರೆ 55 ಯೂರೊ ದಂಡ. ಫಲಕ ಇಲ್ಲದ ಹಳ್ಳಿಯ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ನಗರದಲ್ಲಿ ಸಿಗ್ನಲ್‌ಗೆ ಒಗ್ಗಿದವರು ಇದನ್ನು ಮರೆಯುತ್ತಾರೆ. ಟ್ರ್ಯಾಕ್ಟರ್ ಬಂದರೆ ಮಾತ್ರ ಯಾವ ನಿಯಮವನ್ನೂ ನೋಡಬೇಡಿ, ಪಕ್ಕಕ್ಕೆ ನಿಲ್ಲಿ.

ಒಬ್ಬರೇ ಹೋಗುವಾಗ ನಿಜವಾದ ತೊಂದರೆಗಳು ಬೇರೆ ಥರದವು. ಟಾಯ್ಲೆಟ್‌ಗೆ ಹೋದರೆ ಸೈಕಲ್ ಕಾಯುವವರು ಇಲ್ಲ. ಪಾಸ್‌ಪೋರ್ಟ್, ದುಡ್ಡು, ಫೋನ್ ಹ್ಯಾಂಡಲ್ ಮುಂದಿನ ಸಣ್ಣ ಬ್ಯಾಗಿನಲ್ಲಿ ಇರಲಿ. ಸೈಕಲ್ ಬಿಟ್ಟಾಗಲೆಲ್ಲ ಅದು ಹೆಗಲಿಗೆ. ಮಿಕ್ಕದ್ದು ಒಗೆಯದ ಬಟ್ಟೆ, ಕದ್ದವರು ಅನುಭವಿಸಲಿ. ಎರಡನೆಯದು ನಿರ್ಧಾರ. ಮಳೆಯಲ್ಲಿ ನಿಲ್ಲಲೋ ಹೋಗಲೋ, ಎಡಕ್ಕೋ ಬಲಕ್ಕೋ ಅಂತ ದಿನವಿಡೀ ನೀವೇ ತೀರ್ಮಾನ ಮಾಡಬೇಕು. ಸಂಜೆಗೆ ತಲೆ ಕಾಲಿಗಿಂತ ಜಾಸ್ತಿ ದಣಿದಿರುತ್ತದೆ. ಹಸಿದಾಗ ಏನೂ ತೀರ್ಮಾನ ಮಾಡಬೇಡಿ. ಮೊದಲು ತಿನ್ನಿ, ಆಮೇಲೆ ಯೋಚಿಸಿ. ಮೂರನೆಯದು ಬೇಸರ. ಅದು ತುಳಿಯುವಾಗ ಬರುವುದಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಒಬ್ಬರೇ ಕೂತಾಗ ಬರುತ್ತದೆ. ಆಗ ಪಕ್ಕದ ಮೇಜಿನವರ ಸೈಕಲ್ ಬಗ್ಗೆ ಒಂದು ಪ್ರಶ್ನೆ ಕೇಳಿ. ಜರ್ಮನ್ನರು ತಾವಾಗಿ ಮಾತಿಗೆ ಬರುವುದು ಕಡಿಮೆ, ಸೈಕಲ್ ವಿಷಯ ತೆಗೆದರೆ ನಿಲ್ಲಿಸುವುದೂ ಕಡಿಮೆ.

ಹೆಣ್ಣುಮಗಳು ಒಬ್ಬಳೇ ಅನ್ನುವ ಮಾತಿಗೆ ನಾನು ಗಂಡಸಾಗಿ ಧೈರ್ಯ ಹೇಳಿದರೆ ಅದಕ್ಕೆ ಬೆಲೆ ಕಡಿಮೆ. ನಾನು ನೋಡಿದ್ದನ್ನು ಹೇಳುತ್ತೇನೆ. ವೇಸರ್ ದಾರಿಯಲ್ಲಿ ಒಬ್ಬರೇ ಹೊರಟ ಹೆಂಗಸರು ಪ್ರತಿ ಸಲ ಸಿಕ್ಕಿದ್ದಾರೆ. ಅರುವತ್ತು ದಾಟಿದವರೂ ಇದ್ದರು. ಅವರಿಂದ ಕಲಿತದ್ದು ಇಷ್ಟು: ದಾರಿಯಲ್ಲಿ ಸಿಕ್ಕವರಿಗೆ ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ಹೇಳಬೇಡಿ, ಮುಂದಿನ ದೊಡ್ಡ ಊರಿನ ಹೆಸರು ಹೇಳಿದರೆ ಸಾಕು. ಗೆಳತಿಯರು ಕಾಯುತ್ತಿದ್ದಾರೆ ಅಂತ ಸುಳ್ಳು ಹೇಳಿದರೆ ತಪ್ಪಿಲ್ಲ. ಜಾಗ ಸರಿ ಇಲ್ಲ ಅನ್ನಿಸಿದರೆ ಕಾರಣ ಹುಡುಕದೆ ಎದ್ದು ಹೊರಡಿ. ತುರ್ತಿಗೆ 112, ಪೊಲೀಸರಿಗೆ 110. ಕಾಡಿನ ದಾರಿಯಲ್ಲಿ ಅಲ್ಲಲ್ಲಿ ರಕ್ಷಣಾ ಸ್ಥಳದ ಹಸಿರು ಫಲಕ ಇರುತ್ತದೆ, ಅದರಲ್ಲಿ ಒಂದು ನಂಬರ್ ಇರುತ್ತದೆ. ಎಲ್ಲಿದ್ದೀರಿ ಅಂತ ಹೇಳಲು ಬಾರದಿದ್ದರೆ ಆ ನಂಬರ್ ಹೇಳಿ.

ಅಮ್ಮನಿಗೆ ಲೈವ್ ಲೊಕೇಶನ್ ಕಳಿಸಬೇಡಿ. ನೆಟ್‌ವರ್ಕ್ ಹೋಗಿ ಚುಕ್ಕಿ ನಿಂತರೆ ಅಲ್ಲಿ ಅವರ ಜೀವ ನಿಲ್ಲುತ್ತದೆ. ಲೊಕೇಶನ್ ಹ್ಯಾನೋವರ್‌ನ ಗೆಳತಿಗೆ ಕಳಿಸಿ. ಕೈಕೊಟ್ಟವಳು ಇಷ್ಟಾದರೂ ಮಾಡಲಿ. ಅಮ್ಮನಿಗೆ ಕೋಣೆ ತಲುಪಿದ ಮೇಲೆ ಫೋನ್ ಮಾಡಿ. ಐದು ಗಂಟೆ ಅಂದರೆ ಧಾರವಾಡದಲ್ಲಿ ರಾತ್ರಿ ಎಂಟೂವರೆ, ಊಟದ ಹೊತ್ತು. ಕೆಲವು ದಿನ ನೀವು ತಲುಪುವುದು ಏಳಾಗಬಹುದು, ಫೋನ್ ತಡವಾಗಬಹುದು ಅಂತ ಮೊದಲೇ ಹೇಳಿಟ್ಟಿರಿ.

ಒಂದು ಮಾತು ಮರೆತಿದ್ದೆ. ಹುಲ್ಲಿನಲ್ಲಿ ಕೂತು ಎದ್ದ ದಿನ ರಾತ್ರಿ ಮೊಣಕಾಲಿನ ಹಿಂದೆ, ಸೊಂಟದ ಹತ್ತಿರ, ಕೂದಲ ಬುಡದಲ್ಲಿ ಉಣ್ಣೆ ಹುಳು ಕಚ್ಚಿದೆಯಾ ನೋಡಿಕೊಳ್ಳಿ. ಜರ್ಮನಿಯ ಎಲ್ಲ ಕಡೆ ಅವು ಲೈಮ್ ರೋಗ ತರಬಲ್ಲವು. ಸಣ್ಣ ಚಿಮುಟದಿಂದ ಚರ್ಮಕ್ಕೆ ಹತ್ತಿಕೊಂಡು ಹಿಡಿದು ಎಳೆಯಿರಿ. ಕೆಲವು ದಿನ, ವಾರಗಳ ನಂತರ ಸುತ್ತ ಕೆಂಪು ಉಂಗುರ ಹಬ್ಬಿದರೆ ಡಾಕ್ಟರ ಹತ್ತಿರ ಹೋಗಿ. ಜೂನ್‌ನಲ್ಲಿ ಓಕ್ ಮರದ ಮೇಲೆ ಸಾಲುಗಟ್ಟುವ ಕಂಬಳಿಹುಳುಗಳೂ ಇರುತ್ತವೆ. ಎಚ್ಚರಿಕೆ ಫಲಕ ಕಂಡ ಕಡೆ ಬುತ್ತಿ ಬಿಚ್ಚಬೇಡಿ, ಮೈಯೆಲ್ಲ ತುರಿಕೆ.

ಕುಕ್ಸ್‌ಹಾಫೆನ್ ತಲುಪಿದರೆ ಕುಗೆಲ್‌ಬಾಕೆವರೆಗೆ ಹೋಗಿ. ಹಡಗುಗಳಿಗೆ ದಾರಿ ತೋರಿಸಲು ಕಟ್ಟಿದ, ಸುಮಾರು 30 ಮೀಟರ್ ಎತ್ತರದ ಮರದ ಗುರುತು ಅದು. ಅಲ್ಲಿಂದ ಆಚೆ ಬರೀ ಸಮುದ್ರ. ಅಥವಾ ಇಳಿತದ ಹೊತ್ತಾಗಿದ್ದರೆ ಬರೀ ಕೆಸರು. ನಾನು ಮೊದಲ ಸಲ ಹೋದಾಗ ಕೆಸರೇ ಇತ್ತು. ಭರತದ ಹೊತ್ತು ಮೊದಲೇ ನೋಡಿಕೊಳ್ಳಿ. ಭಾನುವಾರ ಸಂಜೆಯ ರೈಲು ಸೈಕಲ್‌ಗಳಿಂದ ತುಂಬಿರುತ್ತದೆ, ಸಾಧ್ಯವಾದರೆ ಮಧ್ಯಾಹ್ನದ ಗಾಡಿಗೇ ಹೊರಡಿ. ಕುಗೆಲ್‌ಬಾಕೆಯಿಂದ ಸ್ಟೇಷನ್‌ಗೆ 20 ನಿಮಿಷ ಸಾಕು, ನೀವು 40 ಇಟ್ಟುಕೊಳ್ಳಿ.